ಯಾವ ಮಾತಿಗೆ ಈ ಉತ್ತರ?

ನಮ್ಮ ಕುಟುಂಬಕ್ಕೊಂದು ವಾಟ್ಸಾಪ್ ಗ್ರೂಪ್ ಇದೆ. ಶಿವಮೊಗ್ಗ, ಭದ್ರಾವತಿ, ತರೀಕೆರೆ, ಬೆಂಗಳೂರು, ದಮ್ಮಾಮ್, ದುಬೈ ಎಂದು ದಿಕ್ಕಿಗೊಬ್ಬರಂತೆ ಚದುರಿಹೋದ ನಾವೆಲ್ಲ ಅದರಲ್ಲಿ ಒಂದೇ ಮನೆಯ ಹಜಾರದಲ್ಲಿ ಕುಳಿತವರಂತೆ ಇದ್ದೇವೆ. ಬೆಳಗಿನ ಸಲಾಮಿನಿಂದ ಹಿಡಿದು ರಾತ್ರಿಯ ಊಟದ ಫೋಟೋದವರೆಗೆ ಎಲ್ಲವೂ ಅಲ್ಲಿಗೆ ಬರುತ್ತದೆ. ಯಾರಿಗೆ ಜ್ವರ, ಯಾರ ಮಗಳ ನಿಶ್ಚಯ, ಯಾರು ರಜೆಗೆ ಬರುತ್ತಿದ್ದಾರೆ ಎಂಬುದೆಲ್ಲ ನಿಮಿಷದೊಳಗೆ ಎಲ್ಲರಿಗೂ ತಿಳಿಯುತ್ತದೆ.

ಒಂದು ಸಂಜೆ ಆ ಗ್ರೂಪಿಗೆ ಎರಡು ಸುದ್ದಿಗಳು ಒಂದರ ಹಿಂದೆ ಒಂದರಂತೆ ಬಂದವು. ಮೊದಲನೆಯದು ದಮ್ಮಾಮಿನಿಂದ. ಮದುವೆಯಾಗಿ ಒಂಬತ್ತು ವರ್ಷ ಮಕ್ಕಳಿಲ್ಲದೆ ಕೊರಗುತ್ತಿದ್ದ ನಮ್ಮ ಮನೆಯ ಹುಡುಗಿಗೆ ಹೆಣ್ಣು ಮಗು ಹುಟ್ಟಿತ್ತು. ಬಿಳಿ ಬಟ್ಟೆಯಲ್ಲಿ ಸುತ್ತಿದ ಮಗುವಿನ ಫೋಟೋ ಹಾಕಿದ್ದರು. ಒಂದೆರಡು ನಿಮಿಷ ಕಳೆಯುವುದರೊಳಗೆ ಭದ್ರಾವತಿಯಿಂದ ಎರಡನೆಯ ಸುದ್ದಿ. ಅಬ್ಬಾರ ದೊಡ್ಡಪ್ಪನ ಮಗ, ನಾವು ಚಾಚಾ ಎಂದು ಕರೆಯುತ್ತಿದ್ದವರು, ಎದೆನೋವಿನಿಂದ ತೀರಿಕೊಂಡಿದ್ದರು.

ಆ ಮರಣದ ಸುದ್ದಿಯ ಕೆಳಗೆ ಎಲ್ಲರಿಗಿಂತ ಮೊದಲು ಬಂದ ಮೆಸೇಜು ತರೀಕೆರೆಯ ಫೂಫಿಯದು. “ಅಲ್‌ಹಮ್ದುಲಿಲ್ಲಾಹ್! ಎಷ್ಟು ವರ್ಷಗಳಿಂದ ದುಆ ಮಾಡುತ್ತಿದ್ದೆ. ಕೊನೆಗೂ ಅಲ್ಲಾಹನು ಕೇಳಿದ. ಇನ್ನು ಮನಸ್ಸಿಗೆ ನೆಮ್ಮದಿ.”

ಫೂಫಿ ಬರೆದದ್ದು ಮಗುವಿಗಾಗಿ ಎಂದು ನಿಮಗೆ ಈಗಾಗಲೇ ಗೊತ್ತಾಗಿದೆ. ಆದರೆ ಆ ಹೊತ್ತಿಗೆ ಭದ್ರಾವತಿಯ ಮನೆಯಲ್ಲಿ ಮೊಬೈಲು ಹಿಡಿದಿದ್ದವರಿಗೆ ಅದು ಗೊತ್ತಾಗಲಿಲ್ಲ. ಅವರು ಕಂಡದ್ದು ಮಯ್ಯತ್‌ನ ಸುದ್ದಿ ಮತ್ತು ಅದರ ಅಡಿಯಲ್ಲಿ ಈ ನಾಲ್ಕು ವಾಕ್ಯ. ಇನ್ನೊಂದು ಸಂಗತಿಯನ್ನೂ ಹೇಳಬೇಕು. ಫೂಫಿಯ ಮಗಳಿಗೂ ಆ ಚಾಚಾನ ಮಗನಿಗೂ ನಿಶ್ಚಯವಾಗಿದ್ದ ಸಂಬಂಧವೊಂದು ಹನ್ನೊಂದು ವರ್ಷಗಳ ಹಿಂದೆ ಮುರಿದುಬಿದ್ದಿತ್ತು. ಅಂದಿನಿಂದ ಎರಡೂ ಮನೆಗಳ ನಡುವೆ ಸಲಾಮು ಇತ್ತು, ಮಾತು ಇರಲಿಲ್ಲ.

ಆ ರಾತ್ರಿಯೇ ಫೂಫಿ ಮಗನೊಂದಿಗೆ ಭದ್ರಾವತಿಗೆ ಹೋದರು. ಹೆಂಗಸರು ಕುಳಿತಿದ್ದ ಕೋಣೆಯಲ್ಲಿ ಯಾರೂ ಅವರಿಗೆ ಜಾಗ ಮಾಡಿಕೊಡಲಿಲ್ಲ. ದುಃಖದಲ್ಲಿದ್ದಾರೆ ಎಂದುಕೊಂಡು ಅವರು ಬಾಗಿಲ ಬಳಿಯೇ ಕುಳಿತು ಅತ್ತು, ದಫನ ಮುಗಿದ ಮೇಲೆ ಹಿಂದಿರುಗಿದರು. ವಿಷಯ ಅವರ ಕಿವಿಗೆ ಬಿದ್ದದ್ದು ಮೂರು ವಾರಗಳ ನಂತರ. “ನಾನು ಆ ಮಗುವಿಗೆ ಬರೆದದ್ದು” ಎಂದು ಎಷ್ಟು ಹೇಳಿದರೂ ಯಾರೂ ನಂಬಲಿಲ್ಲ. “ಸಾವಿನ ಸುದ್ದಿ ಬಂದ ಮೇಲೆ ತಾನೇ ಬರೆದದ್ದು? ಕಣ್ಣಿಗೆ ಕಾಣುವುದಿಲ್ಲವೇ?” ಎಂದರು.

ಇದರ ಕೊನೆ ಏನಾಯಿತೆಂದು ಆಮೇಲೆ ಹೇಳುತ್ತೇನೆ. ಅದಕ್ಕೆ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಫೂಫಿಯ ತಪ್ಪು ಏನು? ಅವರ ಮಾತಿನಲ್ಲಿ ತಪ್ಪಿರಲಿಲ್ಲ. ಮನಸ್ಸಿನಲ್ಲಂತೂ ಇರಲಿಲ್ಲ. ಯಾವ ಮಾತಿಗೆ ಈ ಉತ್ತರ ಎಂದು ತೋರಿಸಿಕೊಡದೆ ಉತ್ತರ ಕೊಟ್ಟರು, ಅಷ್ಟೇ. ಅಷ್ಟಕ್ಕೇ ಒಂದು ಮನೆಯ ಬಾಗಿಲು ಅವರಿಗೆ ಮುಚ್ಚಿಹೋಯಿತು.

ಕಾಗದದ ಕಾಲದ ರೂಢಿ

ಹಿಂದೆ ನಮ್ಮ ಮನೆಗಳಿಂದ ಗಂಡಸರು ಗಲ್ಫಿಗೆ ಹೋಗತೊಡಗಿದಾಗ ಮಾತುಕತೆಯೆಲ್ಲ ಕಾಗದದಲ್ಲೇ ನಡೆಯುತ್ತಿತ್ತು. ಒಂದು ಕಾಗದ ತಲುಪಲು ವಾರಗಳೇ ಬೇಕು. ಉತ್ತರ ಬರಲು ಮತ್ತೆ ಅಷ್ಟೇ ದಿನ. ಆ ಹೊತ್ತಿಗೆ ತಾನು ಏನು ಕೇಳಿದ್ದೆ ಎಂಬುದು ಕೇಳಿದವಳಿಗೇ ಮರೆತುಹೋಗಿರುತ್ತಿತ್ತು. ಆದ್ದರಿಂದ ಬರೆಯುವವರು ಸಲಾಮು, ಕ್ಷೇಮ ಸಮಾಚಾರ ಮುಗಿಸಿದ ಕೂಡಲೇ, “ನೀನು ಹಿಂದಿನ ಕಾಗದದಲ್ಲಿ ಅಡುಗೆ ಮನೆಯ ಹೆಂಚು ಸೋರುವ ವಿಷಯ ಬರೆದಿದ್ದೆ, ಅದಕ್ಕೆ ಹೇಳುವುದೇನೆಂದರೆ” ಎಂದು ಆರಂಭಿಸುತ್ತಿದ್ದರು. ಕೇಳಿದ ಮಾತನ್ನು ಮೊದಲು ನೆನಪಿಸಿ ನಂತರ ಉತ್ತರ. ಇದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ದೂರವೇ ಕಲಿಸಿತ್ತು.

ನಮ್ಮ ಸರಕಾರಿ ಕಚೇರಿಗಳ ಪತ್ರ ನೋಡಿದ್ದೀರಲ್ಲವೇ? ಮೇಲೆ ‘ವಿಷಯ’ ಎಂದಿರುತ್ತದೆ. ಅದರ ಕೆಳಗೆ ‘ಉಲ್ಲೇಖ’ ಎಂದು ಬರೆದು, ಯಾವ ದಿನಾಂಕದ ಯಾವ ಅರ್ಜಿಗೆ ಈ ಪತ್ರ ಎಂದು ಸೂಚಿಸಿರುತ್ತಾರೆ. ಪಡಿತರ ಚೀಟಿಯ ಅರ್ಜಿಗೆ ಬಂದ ಉತ್ತರವನ್ನು ವಿಧವಾ ವೇತನದ ಅರ್ಜಿಗೆ ಬಂದದ್ದೆಂದು ಯಾರೂ ತಪ್ಪು ತಿಳಿಯಬಾರದಲ್ಲ!

ಕಂಪ್ಯೂಟರ್ ಬಂದಾಗಲೂ ಇದೇ ಸಮಸ್ಯೆ ಎದುರಾಯಿತು. 1979ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದ ಇಬ್ಬರು ವಿದ್ಯಾರ್ಥಿಗಳು, ಟಾಮ್ ಟ್ರಸ್ಕಾಟ್ ಮತ್ತು ಜಿಮ್ ಎಲ್ಲಿಸ್, ದೂರದೂರದ ಕಂಪ್ಯೂಟರ್‌ಗಳ ನಡುವೆ ಚರ್ಚೆ ನಡೆಸುವ ಒಂದು ವ್ಯವಸ್ಥೆಯನ್ನು ಯೋಚಿಸಿದರು. ಅದಕ್ಕೆ ಯೂಸ್‌ನೆಟ್ ಎಂದು ಹೆಸರು. 1980ರಿಂದ ಅದು ಬಳಕೆಗೆ ಬಂತು. ಅಲ್ಲಿ ಒಂದು ಕಂಪ್ಯೂಟರಿನಿಂದ ಮತ್ತೊಂದಕ್ಕೆ, ಅಲ್ಲಿಂದ ಮಗದೊಂದಕ್ಕೆ ಬರಹಗಳು ಸಾಗುತ್ತಿದ್ದವು. ಹಾಗಾಗಿ ಕೆಲವರಿಗೆ ಪ್ರಶ್ನೆಗಿಂತ ಮೊದಲೇ ಉತ್ತರ ತಲುಪಿಬಿಡುತ್ತಿತ್ತು! ಇದಕ್ಕೆ ಅವರು ಕಂಡುಕೊಂಡ ಉಪಾಯ ಸರಳ. ಇನ್ನೊಬ್ಬರ ಮಾತಿನ ಸಾಲುಗಳನ್ನು ಮೇಲೆ ಬರೆದು, ಪ್ರತಿ ಸಾಲಿನ ಆರಂಭದಲ್ಲಿ ಬಾಣದ ಮೊನೆಯಂತಹ ಒಂದು ಗುರುತು ಹಾಕುವುದು, ಅದರ ಕೆಳಗೆ ತಮ್ಮ ಉತ್ತರ ಬರೆಯುವುದು. ಗುರುತು ಇದ್ದದ್ದು ಅವರ ಮಾತು, ಇಲ್ಲದ್ದು ನನ್ನ ಮಾತು.

1995ರ ಅಕ್ಟೋಬರಿನಲ್ಲಿ ಇಂತಹ ಮರ್ಯಾದೆಗಳನ್ನೆಲ್ಲ ಒಟ್ಟು ಸೇರಿಸಿದ ಒಂದು ದಾಖಲೆ ಹೊರಬಂತು. ಆರ್‌ಎಫ್‌ಸಿ 1855 ಎಂಬುದು ಅದರ ಸಂಖ್ಯೆ. ಸಿದ್ಧಪಡಿಸಿದವರು ಇಂಟೆಲ್ ಕಂಪೆನಿಯ ಸ್ಯಾಲಿ ಹ್ಯಾಂಬ್ರಿಜ್ ಎಂಬ ಮಹಿಳೆ. ಉತ್ತರಿಸುವಾಗ ಮೂಲ ಮಾತಿನ ಸಾರಾಂಶವನ್ನೋ, ಸಂದರ್ಭ ತಿಳಿಯಲು ಬೇಕಾದಷ್ಟು ಭಾಗವನ್ನೋ ಜೊತೆಗಿಡಿ, ಆದರೆ ಇಡೀ ಬರಹವನ್ನು ತುಂಬಬೇಡಿ ಎಂಬ ಸಲಹೆ ಅದರಲ್ಲಿದೆ. ಬೇರೆಯವರ ಬರಹವನ್ನು ಮುಂದಕ್ಕೆ ಕಳಿಸುವಾಗ ಶಬ್ದಗಳನ್ನು ಬದಲಿಸಬಾರದು, ಒಬ್ಬರು ನಮಗೆ ಮಾತ್ರ ಬರೆದದ್ದನ್ನು ಗುಂಪಿಗೆ ಹಾಕುವ ಮೊದಲು ಅವರ ಅನುಮತಿ ಕೇಳಬೇಕು ಎಂದೂ ಇದೆ. ಇಂದು ನಮ್ಮ ಮನೆಗಳಲ್ಲಿ ಮೊಬೈಲಿನಿಂದ ಹುಟ್ಟುವ ಜಗಳಗಳನ್ನು ನೋಡಿದರೆ, ಈ ಮೂರು ಮಾತುಗಳನ್ನು ಪಾಲಿಸಿದ್ದರೆ ಅರ್ಧ ಜಗಳಗಳು ಆಗುತ್ತಲೇ ಇರಲಿಲ್ಲ ಅನಿಸುತ್ತದೆ.

ಒಂದು ‘ಹೌದು’ ತಂದ ಆತಂಕ

ನನ್ನ ಗೆಳತಿಯೊಬ್ಬಳ ಮನೆಯಲ್ಲಿ ನಡೆದದ್ದಿದು. ಅವಳ ಅಮ್ಮಿಗೆ ಬಿಪಿ ಮತ್ತು ಸಕ್ಕರೆ ಕಾಯಿಲೆ. ಐವರು ಮಕ್ಕಳು ಸೇರಿ ಅಮ್ಮಿಯ ಆರೈಕೆಗೆಂದೇ ಗ್ರೂಪ್ ಮಾಡಿಕೊಂಡಿದ್ದಾರೆ. ಒಂದು ದಿನ ಕಿರಿಯವಳು ಅಮ್ಮಿಯನ್ನು ಡಾಕ್ಟರ ಬಳಿಗೆ ಕರೆದೊಯ್ದಿದ್ದಳು. ಅಣ್ಣ ರಿಯಾದಿನಿಂದ ಕೇಳಿದ, “ರಾತ್ರಿ ಅನ್ನ ನಿಲ್ಲಿಸಬೇಕಂತೆಯೇ?” ಅದೇ ಹೊತ್ತಿಗೆ ಮನೆಯಲ್ಲಿದ್ದ ಭಾಬಿ ಕೇಳಿದಳು, “ಹಳೆಯ ಬಿಪಿ ಮಾತ್ರೆ ನಿಲ್ಲಿಸಬೇಕಾ?” ಕಿರಿಯವಳು ಆಟೋದಲ್ಲಿ ಕುಳಿತು ಬರೆದಳು, “ಹೌದು, ನಿಲ್ಲಿಸಿ.”

ಅವಳು ಹೇಳಿದ್ದು ಅನ್ನಕ್ಕೆ. ಭಾಬಿ ತಿಳಿದದ್ದು ಮಾತ್ರೆಗೆ. ಎರಡು ದಿನ ಅಮ್ಮಿಗೆ ಮಾತ್ರೆ ಕೊಡಲಿಲ್ಲ. ಮೂರನೆಯ ದಿನ ತಲೆ ಸುತ್ತಿ ಬಿದ್ದಾಗಲೇ ವಿಷಯ ಹೊರಬಂದದ್ದು. ಅಲ್ಲಾಹನ ಕೃಪೆ, ದೊಡ್ಡ ಅನಾಹುತವಾಗಲಿಲ್ಲ. ಇದರಲ್ಲಿ ಭಾಬಿಯನ್ನು ದೂರುವುದೇ? ನಾದಿನಿಯನ್ನು ದೂರುವುದೇ? ಇಬ್ಬರಿಗೂ ಅತ್ತೆಯ, ಅಮ್ಮನ ಮೇಲೆ ಅಕ್ಕರೆಯೇ ಇತ್ತು. ‘ಹೌದು’ ಎಂಬ ಮಾತಿಗೆ ತನ್ನದೇ ಆದ ಅರ್ಥವಿಲ್ಲ. ಅದು ಯಾವ ಪ್ರಶ್ನೆಯ ಪಕ್ಕದಲ್ಲಿ ನಿಂತಿದೆಯೋ ಅದರ ಅರ್ಥವನ್ನು ಪಡೆಯುತ್ತದೆ. ಬೇಡ, ಆಯಿತು, ಸರಿ, ಇನ್‌ಶಾ ಅಲ್ಲಾಹ್ ಇವೂ ಹಾಗೆಯೇ.

ಮೂಲ ಮಾತನ್ನು ಹಿಡಿದು ಉತ್ತರಿಸುವ ಸೌಲಭ್ಯ ವಾಟ್ಸಾಪಿನಲ್ಲಿ 2016ರಿಂದ ಇದೆ. ಉತ್ತರಿಸಬೇಕಾದ ಮೆಸೇಜಿನ ಮೇಲೆ ಬೆರಳಿಟ್ಟು ಬಲಕ್ಕೆ ಸರಿಸಿದರೆ ಸಾಕು. ಅದು ಒಂದು ಪುಟ್ಟ ಚೌಕದಲ್ಲಿ ಕೆಳಗೆ ಬಂದು ಕುಳಿತುಕೊಳ್ಳುತ್ತದೆ. ಅನಂತರ ಬರೆದದ್ದೆಲ್ಲ ಅದರ ಕೆಳಗೇ ಸೇರುತ್ತದೆ. ಬರೆಯಲು ಬಾರದ ನಾನಿ, ದಾದಿಯರು ಅದೇ ರೀತಿ ಸರಿಸಿ ಧ್ವನಿಯಲ್ಲೂ ಉತ್ತರಿಸಬಹುದು. ಮನೆಯ ಮಕ್ಕಳು ಅವರಿಗೆ ಇದನ್ನು ಒಮ್ಮೆ ಕಲಿಸಿಕೊಟ್ಟರೆ ಅದೂ ಒಂದು ಸೇವೆಯೇ.

ಈ ಸೌಲಭ್ಯವನ್ನು ಬಳಸಲು ಕಷ್ಟವಾದರೆ ಇನ್ನೂ ಸುಲಭದ ದಾರಿಯಿದೆ. ವಿಷಯದ ಹೆಸರನ್ನೇ ಉತ್ತರದಲ್ಲಿ ಹೇಳಿಬಿಡುವುದು. “ಹೌದು” ಎನ್ನುವ ಬದಲು “ರಾತ್ರಿ ಅನ್ನ ಬೇಡ, ಮಾತ್ರೆ ಮುಂದುವರಿಸಿ” ಎಂದರೆ ಮುಗಿಯಿತು. “ಅಲ್‌ಹಮ್ದುಲಿಲ್ಲಾಹ್” ಎಂದು ಬರೆದ ಫೂಫಿ ಅದರ ಹಿಂದೆ “ಮಗು” ಎಂಬ ಎರಡಕ್ಷರ ಸೇರಿಸಿದ್ದರೆ ಅಷ್ಟೆಲ್ಲ ಕಣ್ಣೀರು ಬೇಕಿರಲಿಲ್ಲ.

ಅಗತ್ಯಕ್ಕಿಂತ ಹೆಚ್ಚಾದಾಗ

ಮೂಲ ಮಾತನ್ನು ಬಿಡುವುದು ಒಂದು ತಪ್ಪಾದರೆ, ಅಷ್ಟನ್ನೂ ಹೊತ್ತುಕೊಂಡು ತಿರುಗುವುದು ಇನ್ನೊಂದು. ಇದು ಹೆಚ್ಚಾಗಿ ಇಮೇಲ್‌ನಲ್ಲಿ ನಡೆಯುತ್ತದೆ. ನಾವು ಒಂದು ಇಮೇಲ್‌ಗೆ ಉತ್ತರ ಬರೆದಾಗ ಹಿಂದಿನ ಬರಹ ತಾನಾಗಿಯೇ ಕೆಳಗೆ ಸೇರಿಕೊಳ್ಳುತ್ತದೆ. ಅದಕ್ಕೆ ಬಂದ ಉತ್ತರದ ಕೆಳಗೆ ಎರಡೂ ಸೇರುತ್ತವೆ. ಹೀಗೆ ಹತ್ತು ಸಲ ಹೋಗಿ ಬಂದರೆ ಎರಡು ಸಾಲಿನ ಉತ್ತರಕ್ಕೆ ಹತ್ತು ಪತ್ರಗಳ ಬಾಲ ಅಂಟಿಕೊಂಡಿರುತ್ತದೆ. 2004ರಲ್ಲಿ ಆರಂಭವಾದ ಜಿಮೇಲ್‌ನಲ್ಲಿ ಈ ಬಾಲವು ಮೂರು ಚುಕ್ಕೆಗಳ ಹಿಂದೆ ಅಡಗಿರುತ್ತದೆ. ನಮ್ಮ ಕಣ್ಣಿಗೆ ಕಾಣುವುದಿಲ್ಲ. ಆದರೆ ಪತ್ರದ ಜೊತೆ ಹೋಗಿಯೇ ಹೋಗುತ್ತದೆ.

ಪರಿಚಯದ ಒಂದು ಮನೆಯಲ್ಲಿ ಅಕ್ಕತಂಗಿಯರು ತಮ್ಮನಿಗೆ ಹೆಣ್ಣು ನೋಡಿ ಬಂದು ಇಮೇಲ್‌ನಲ್ಲಿ ಚರ್ಚಿಸಿಕೊಂಡರು. ಹುಡುಗಿಯ ಬಣ್ಣ, ಅವರ ಮನೆಯ ಸೋಫಾ, ಬಡಿಸಿದ ಬಿರಿಯಾನಿ ಯಾವುದನ್ನೂ ಬಿಡಲಿಲ್ಲ. ಕೊನೆಗೆ ಎಲ್ಲರೂ ಒಪ್ಪಿದರು. ಕೊನೆಯ ಪತ್ರದಲ್ಲಿ ದೊಡ್ಡಕ್ಕ ನಿಶ್ಚಯದ ದಿನಾಂಕ ಬರೆದಿದ್ದಳು. ಆ ಪತ್ರವನ್ನೇ ಹುಡುಗಿಯ ಅಣ್ಣನಿಗೆ ಕಳುಹಿಸಿಬಿಟ್ಟರು. ಮೂರು ಚುಕ್ಕೆಗಳ ಹಿಂದೆ ಏನಿದೆಯೆಂದು ಯಾರೂ ನೋಡಲಿಲ್ಲ. ಅವನು ನೋಡಿದ. ಸಂಬಂಧ ಅಲ್ಲಿಗೇ ಮುಗಿಯಿತು.

ಹೆಣ್ಣು ನೋಡಿ ಬಂದು ಹಾಗೆ ಮಾತನಾಡಿದ್ದು ಸರಿಯಲ್ಲ ಎಂಬುದು ಬೇರೆ ಮಾತು. ಇಲ್ಲಿ ನಾನು ಹೇಳಹೊರಟದ್ದು ಇಷ್ಟೇ. ಇಮೇಲ್ ಕಳಿಸುವ ಮೊದಲು ಮೂರು ಚುಕ್ಕೆಗಳನ್ನು ಒತ್ತಿ ಕೆಳಗಿನದನ್ನು ಓದಿರಿ. ಯಾವ ಪ್ರಶ್ನೆಗೆ ಉತ್ತರಿಸುತ್ತಿದ್ದೀರೋ ಅದನ್ನು ಉಳಿಸಿ, ಮಿಕ್ಕಿದ್ದನ್ನು ಅಳಿಸಿರಿ. ಹೊಸಬರಿಗೆ ಕಳಿಸುವುದಿದ್ದರೆ ಹಳೆಯ ಪತ್ರಕ್ಕೆ ಉತ್ತರವಾಗಿ ಬರೆಯದೆ ಹೊಸದಾಗಿಯೇ ಬರೆಯಿರಿ.

ಕತ್ತರಿಸಿದ ಮಾತು

ಬೇಕಾದಷ್ಟನ್ನು ಮಾತ್ರ ಎತ್ತಿಕೊಳ್ಳಬೇಕು ಎಂದಾಗ ಇನ್ನೊಂದು ಅಪಾಯ ಬರುತ್ತದೆ. ತನಗೆ ಬೇಕಾದಷ್ಟನ್ನೇ ಎತ್ತಿಕೊಳ್ಳುವುದು!

ನಮ್ಮ ಹಿರಿಯರು ನಗುತ್ತಾ ಹೇಳುವ ಕಥೆ ನಿಮಗೆ ಗೊತ್ತಿರಬಹುದು. ನಮಾಝ್ ಮಾಡದ ಸೋಮಾರಿಯೊಬ್ಬ, ನಮಾಝಿನ ಹತ್ತಿರ ಹೋಗಬಾರದೆಂದು ಕುರ್‌ಆನಿನಲ್ಲೇ ಇದೆಯಲ್ಲ ಎಂದು ವಾದಿಸಿದನಂತೆ. ಅಮಲಿನಲ್ಲಿರುವಾಗ ಎಂಬ ಮಾತೂ ಅದೇ ಸೂಕ್ತದಲ್ಲಿದೆ ಎಂದು ಅವನಿಗೆ ತೋರಿಸಿದಾಗ, “ಅಷ್ಟು ದೂರ ಓದುವುದಕ್ಕೆ ನಾನೇನು ಹಾಫಿಝನೇ?” ಎಂದನಂತೆ. ಕಥೆ ಕೇಳಿ ನಾವೆಲ್ಲ ನಗುತ್ತೇವೆ. ಆದರೆ ಮನೆಯ ಮಾತುಗಳಲ್ಲಿ ನಾವೂ ಎಷ್ಟೋ ಸಲ ಅವನಂತೆಯೇ ಮಾಡುತ್ತೇವೆ.

ಕನ್ನಡದಲ್ಲಂತೂ ಈ ವಿಷಯದಲ್ಲಿ ಬಹಳ ಎಚ್ಚರಿಕೆ ಬೇಕು. ನಮ್ಮ ಭಾಷೆಯಲ್ಲಿ ಕ್ರಿಯಾಪದ ಬರುವುದು ವಾಕ್ಯದ ಕೊನೆಯಲ್ಲಿ. ಇಲ್ಲ, ಬೇಡ, ಅಲ್ಲ ಎಂಬುವುಗಳೂ ಕೊನೆಯಲ್ಲೇ. ಅತ್ತೆಯೊಬ್ಬರು ಹೀಗೆ ಬರೆದರೆಂದುಕೊಳ್ಳಿ: “ನಮ್ಮ ಸೊಸೆ ಮನೆ ಕೆಲಸ ಮಾಡುವುದಿಲ್ಲ, ಮೊಬೈಲು ಹಿಡಿದು ಕೂರುತ್ತಾಳೆ ಎಂದು ಯಾರಾದರೂ ಹೇಳಿದರೆ ನಾನು ಕೇಳಿಕೊಂಡು ಸುಮ್ಮನಿರುವವಳಲ್ಲ.” ಇದು ಸೊಸೆಯ ಪರವಾದ ಮಾತು. ಅದನ್ನು ‘ಕೂರುತ್ತಾಳೆ’ ಎಂಬಲ್ಲಿಗೆ ಕತ್ತರಿಸಿ ನೋಡಿ. ಒಂದಕ್ಷರವನ್ನೂ ಬದಲಿಸಿಲ್ಲ. ಒಂದು ಶಬ್ದವನ್ನೂ ಸೇರಿಸಿಲ್ಲ. ಆದರೆ ಅತ್ತೆ ಸೊಸೆಯನ್ನು ದೂರಿದಂತಾಯಿತು!

ಇದು ದುರುದ್ದೇಶದಿಂದಲೇ ಆಗಬೇಕೆಂದಿಲ್ಲ. ಮೊಬೈಲಿನ ಆ ಪುಟ್ಟ ಚೌಕದಲ್ಲಿ ಉದ್ದದ ಮೆಸೇಜಿನ ಮೊದಲ ಕೆಲವು ಸಾಲುಗಳು ಮಾತ್ರ ಕಾಣುತ್ತವೆ. ಬಾಕಿಯದು ಒಳಗೇ ಉಳಿಯುತ್ತದೆ. ಗ್ರೂಪ್ ತಡವಾಗಿ ತೆರೆದವರು ಚೌಕದಲ್ಲಿ ಕಂಡ ತುಂಡನ್ನಷ್ಟೇ ಓದಿ, “ಹೀಗೆ ಬರೆದಿದ್ದಾರಾ?” ಎಂದು ಮುಖ ಊದಿಸಿಕೊಳ್ಳುತ್ತಾರೆ. ಆ ಚೌಕದ ಮೇಲೆ ಒಮ್ಮೆ ಒತ್ತಿದರೆ ಮೂಲ ಮೆಸೇಜೇ ತೆರೆದುಕೊಳ್ಳುತ್ತದೆ. ಸಿಟ್ಟು ಮಾಡುವ ಮೊದಲು ಒಂದು ಸಲ ಒತ್ತಿ ಪೂರ್ತಿ ಓದಿದರೆ ನಷ್ಟವೇನು? ಅಡುಗೆಯ ಉಪ್ಪು ಸರಿಯಾಗಿದೆಯೇ ಎಂದು ನೋಡಲು ಸೌಟನ್ನು ತಳದವರೆಗೆ ತಿರುವುತ್ತೇವೆ. ಮೇಲಿನ ನೀರನ್ನಷ್ಟೇ ಚೀಪಿ ತೀರ್ಪು ಕೊಡುವುದಿಲ್ಲವಲ್ಲ?

ಹದೀಸ್ ಸಂಗ್ರಹಿಸಿದ ವಿದ್ವಾಂಸರು ಒಂದು ಮಾತನ್ನು ಸ್ವೀಕರಿಸುವ ಮೊದಲು ಇದನ್ನು ಯಾರು ಹೇಳಿದರು, ಅವರು ಯಾರಿಂದ ಕೇಳಿದರು ಎಂಬ ಸರಪಣಿಯನ್ನು ಕೊಂಡಿ ಕೊಂಡಿಯಾಗಿ ಪರಿಶೀಲಿಸಿದರು. ಆ ಪರಂಪರೆಯ ಬಗ್ಗೆ ಅಭಿಮಾನ ಪಡುವ ನಮಗೆ ಅಕ್ಕಪಕ್ಕದ ಮನೆಯವರ ಮಾತನ್ನು ಮುಟ್ಟಿಸುವಾಗ ಅದರ ನೂರರಲ್ಲಿ ಒಂದು ಪಾಲಾದರೂ ಎಚ್ಚರಿಕೆ ಇರಬೇಡವೇ? ಇನ್ನೊಬ್ಬರ ಮಾತು ನಮ್ಮ ಕೈಯಲ್ಲಿರುವ ಅಮಾನತ್ತು. ಕೊಟ್ಟ ಹಾಗೆಯೇ ಹಿಂದಿರುಗಿಸಬೇಕಾದ ವಸ್ತು.

ಅಳಿಸಿದರೂ ಉಳಿಯುವುದು

ಸಿಟ್ಟಿನಲ್ಲಿ ಬರೆದು ಆಮೇಲೆ ಪಶ್ಚಾತ್ತಾಪ ಪಡದವರು ಯಾರಿದ್ದಾರೆ? ಕಳಿಸಿದ ಮೆಸೇಜನ್ನು ಎಲ್ಲರ ಮೊಬೈಲಿನಿಂದಲೂ ಅಳಿಸುವ ಸೌಲಭ್ಯ 2017ರಲ್ಲಿ ವಾಟ್ಸಾಪಿಗೆ ಬಂತು. ಬಹಳ ಒಳ್ಳೆಯದಾಯಿತು ಎಂದು ನಾವೆಲ್ಲ ಅಂದುಕೊಂಡೆವು. ಆದರೆ ಅಷ್ಟರಲ್ಲಿ ಯಾರಾದರೂ ಆ ಮೆಸೇಜನ್ನು ಹಿಡಿದು ಉತ್ತರ ಬರೆದಿದ್ದರೆ, ಮೂಲ ಅಳಿಸಿಹೋದರೂ ಚೌಕದಲ್ಲಿನ ತುಂಡು ಹಾಗೆಯೇ ಉಳಿಯುತ್ತದೆ.

ನಮ್ಮ ಮುಮಾನಿಗೆ ಹೀಗಾಯಿತು. ಈದ್‌ಗೆ ಮನೆಗೆ ಬರಲಿಲ್ಲವೆಂಬ ಕೋಪದಲ್ಲಿ ನನ್ನ ತಂಗಿಗೆ ಒಂದು ಕಟು ಮಾತು ಬರೆದರು. ಬರೆದ ಮರುಕ್ಷಣವೇ ನಾಚಿಕೆಯಾಗಿ ಅಳಿಸಿದರು. ಅಷ್ಟರಲ್ಲಿ ತಂಗಿ ಅದನ್ನು ಹಿಡಿದು ಅಷ್ಟೇ ಕಟುವಾಗಿ ಉತ್ತರಿಸಿಯಾಗಿತ್ತು. ಮುಮಾನಿ ನಾಲಿಗೆ ಕಚ್ಚಿಕೊಂಡು ಹಿಂದೆ ತೆಗೆದುಕೊಂಡ ಮಾತು, ತಂಗಿಯ ಉತ್ತರದ ತಲೆಯ ಮೇಲೆ ಮೊಳೆ ಹೊಡೆದಂತೆ ಕುಳಿತಿತ್ತು. ತಡವಾಗಿ ಬಂದವರೆಲ್ಲ ಅದನ್ನೇ ಓದಿದರು.

ಆ ದಿನ ನಾನು ತಂಗಿಗೆ ಫೋನ್ ಮಾಡಿ, “ಅವರು ಅಳಿಸಿದ್ದಾರೆ, ನೀನೂ ನಿನ್ನದನ್ನು ಅಳಿಸು” ಎಂದೆ. “ಅವರು ಬರೆದದ್ದು ಸುಳ್ಳೇನೂ ಅಲ್ಲವಲ್ಲ ಆಪಾ, ಎಲ್ಲರೂ ನೋಡಲಿ” ಎಂದಳು. ಸುಳ್ಳಲ್ಲ ನಿಜ. ಆದರೆ ಒಬ್ಬರು ತನ್ನ ತಪ್ಪನ್ನು ತಾನೇ ಮುಚ್ಚಿಕೊಳ್ಳಲು ಯತ್ನಿಸುವಾಗ ಅದರ ಮೇಲಿನ ಹೊದಿಕೆಯನ್ನು ನಾವು ಎಳೆಯಬೇಕೇ? ಅರ್ಧ ಗಂಟೆಯ ನಂತರ ಅವಳು ಅಳಿಸಿದಳು. ಈದ್ ಕಳೆದ ಮೂರನೆಯ ದಿನ ಮುಮಾನಿಯೇ ಶೀರ್ ಖುರ್ಮಾ ಮಾಡಿಕೊಂಡು ಅವಳ ಮನೆಗೆ ಹೋದರು.

ಅಂದಿನಿಂದ ನಾನೊಂದು ನಿಯಮ ಮಾಡಿಕೊಂಡಿದ್ದೇನೆ. ಕೆಲಸದ ಮಾತು, ಸಂತೋಷದ ಮಾತು, ಪ್ರಶ್ನೆ ಇವನ್ನು ಹಿಡಿದು ಉತ್ತರಿಸುತ್ತೇನೆ. ಕೋಪದ ಮಾತನ್ನು ಹಿಡಿಯುವುದಿಲ್ಲ. ಅದಕ್ಕೆ ಉತ್ತರ ಬೇಕೇ ಬೇಕೆಂದಾದರೆ ಫೋನ್ ಮಾಡುತ್ತೇನೆ.

ಇನ್ನೊಂದು ದುರಭ್ಯಾಸವೆಂದರೆ ಗ್ರೂಪಿನ ಮಾತುಗಳ ಸ್ಕ್ರೀನ್‌ಶಾಟ್ ತೆಗೆದು ಬೇರೆ ಗ್ರೂಪಿಗೆ ಹಾಕುವುದು. ಹಿಂದೆ ಬಾಯಿಂದ ಬಾಯಿಗೆ ಚಾಡಿ ಹೇಳುವವಳಿಗೆ “ನೀನು ತಪ್ಪು ಕೇಳಿಸಿಕೊಂಡಿರಬೇಕು” ಎನ್ನುವ ಅವಕಾಶವಾದರೂ ಇತ್ತು. ಈಗ ಚಾಡಿಗೂ ಸಾಕ್ಷಿಯ ವೇಷ ಬಂದಿದೆ. ಮೇಲಿನ ನಾಲ್ಕು ಮಾತು ಬಿಟ್ಟು ಕೆಳಗಿನ ಒಂದನ್ನು ಮಾತ್ರ ಚಿತ್ರ ತೆಗೆದರೆ ಅದು ಸಾಕ್ಷಿಯಾಗುವುದಿಲ್ಲ, ಅನ್ಯಾಯವಾಗುತ್ತದೆ. ಅಂತಹ ಚಿತ್ರ ನಿಮ್ಮ ಬಳಿಗೆ ಬಂದರೆ, ಅದರ ಹಿಂದೆ ಮುಂದೆ ಏನಿತ್ತು ಎಂದು ಕೇಳಿರಿ. ಸಾಧ್ಯವಾದರೆ ಬರೆದವರನ್ನೇ ಕೇಳಿರಿ.

ಹಿರಿಯರೊಬ್ಬರು ಗ್ರೂಪಿನಲ್ಲಿ ತಪ್ಪು ಸುದ್ದಿ ಹಾಕಿದಾಗ ಎಲ್ಲರೆದುರು ಅವರ ಮಾತನ್ನು ಹಿಡಿದು “ಇದು ಸುಳ್ಳು” ಎಂದು ಬರೆಯುವುದೂ ಸರಿಯಲ್ಲ. ಅದೇ ಮೆಸೇಜನ್ನು ಹಿಡಿದು ಅವರೊಬ್ಬರಿಗೇ ಪ್ರತ್ಯೇಕವಾಗಿ ಉತ್ತರಿಸುವ ಸೌಲಭ್ಯವೂ ಮೊಬೈಲಿನಲ್ಲಿದೆ. “ಮಾಮೂಜಾನ್, ಇದು ಹಳೆಯ ಸುದ್ದಿಯಂತೆ, ನೀವೇ ಒಮ್ಮೆ ನೋಡಿ” ಎಂದರೆ ಅವರೇ ಗ್ರೂಪಿನಲ್ಲಿ ತಿದ್ದಿಕೊಳ್ಳುತ್ತಾರೆ. ತಪ್ಪೂ ಸರಿಯಾಯಿತು, ಅವರ ಮರ್ಯಾದೆಯೂ ಉಳಿಯಿತು.

ಎರಡು ಮೊಬೈಲುಗಳು

ಈಗ ಫೂಫಿಯ ವಿಷಯಕ್ಕೆ ಬರುತ್ತೇನೆ. ಅವರು ಸೊರಗಿಹೋಗಿದ್ದರು. “ಮುರಿದ ಸಂಬಂಧದ ನೋವು ನನಗಿತ್ತು, ಇಲ್ಲವೆನ್ನುವುದಿಲ್ಲ. ಆದರೆ ಅವನ ಸಾವಿಗೆ ನಾನು ಶುಕ್ರ್ ಹೇಳುತ್ತೇನೆಯೇ?” ಎಂದು ಕಂಡವರೆದುರು ಅಳುತ್ತಿದ್ದರು. ಒಂದು ದಿನ ನನ್ನ ಮಗಳು ತರೀಕೆರೆಗೆ ಹೋದಾಗ ಅವರ ಮೊಬೈಲನ್ನು ತೆಗೆದು, ಬೆರಳಿನಿಂದ ಹಿಂದಕ್ಕೆ ಸರಿಸುತ್ತಾ ಆ ಸಂಜೆಯವರೆಗೆ ಹೋದಳು. ಅಲ್ಲಿ ಕಂಡದ್ದನ್ನು ನೋಡಿ ನನಗೆ ಫೋನ್ ಮಾಡಿದಳು.

ಫೂಫಿಯ ಮೊಬೈಲಿನಲ್ಲಿ ಕ್ರಮವೇ ಬೇರೆಯಾಗಿತ್ತು. ಮೊದಲು ಮಗುವಿನ ಫೋಟೋ. ಅದರ ಕೆಳಗೆ ಫೂಫಿಯ ಮಾತು. ಅದಕ್ಕೂ ಕೆಳಗೆ ಚಾಚಾನ ಮರಣದ ಸುದ್ದಿ. ಅವರ ಮನೆಯಲ್ಲಿ ಸಿಗ್ನಲ್ ಸರಿಯಾಗಿ ಸಿಗುವುದಿಲ್ಲ. ಅವರು ಬರೆದು ಒತ್ತಿದಾಗ ಅವರಿಗೆ ಸಾವಿನ ಸುದ್ದಿ ಬಂದೇ ಇರಲಿಲ್ಲ. ಅವರ ಮಾತು ಹೊರಗೆ ಹೋಗುವುದೂ ತಡವಾಗಿತ್ತು. ನಮ್ಮೆಲ್ಲರ ಮೊಬೈಲಿಗೆ ಅದು ತಲುಪುವ ಹೊತ್ತಿಗೆ ನಡುವೆ ಸಾವು ಬಂದು ಕುಳಿತಿತ್ತು. ಒಂದೇ ಗ್ರೂಪಿನ ಒಂದೇ ಮಾತುಗಳು ಎಲ್ಲರ ಕೈಯಲ್ಲೂ ಒಂದೇ ಸಾಲಿನಲ್ಲಿ ಇರಬೇಕೆಂದಿಲ್ಲ. ನಲವತ್ತು ವರ್ಷಗಳಿಗೂ ಹಿಂದೆ ಆ ವಿದ್ಯಾರ್ಥಿಗಳ ಯೂಸ್‌ನೆಟ್‌ನಲ್ಲಿ ಕಂಡ ತೊಂದರೆಯೇ ತರೀಕೆರೆಯ ಒಂದು ಮನೆಯಲ್ಲೂ ಕಾಣಿಸಿಕೊಂಡಿತ್ತು.

ಚಾಚಿ ಆಗ ಇನ್ನೂ ಇದ್ದತ್‌ನಲ್ಲಿದ್ದರು. ನಾನು, ಮಗಳು ಫೂಫಿಯನ್ನು ಕರೆದುಕೊಂಡು ಭದ್ರಾವತಿಗೆ ಹೋದೆವು. ಫೂಫಿ ಏನೂ ಹೇಳಲಿಲ್ಲ. ಮಗಳು ಫೂಫಿಯ ಮೊಬೈಲನ್ನೂ ಚಾಚಿಯ ಮೊಬೈಲನ್ನೂ ಚಾಪೆಯ ಮೇಲೆ ಅಕ್ಕಪಕ್ಕ ಇಟ್ಟು, ಎರಡರಲ್ಲೂ ಆ ಸಂಜೆಯನ್ನು ತೆರೆದು ತೋರಿಸಿದಳು.

ಚಾಚಿ ಕನ್ನಡಕ ಹಾಕಿಕೊಂಡು ಒಂದನ್ನು ನೋಡಿದರು. ಇನ್ನೊಂದನ್ನು ನೋಡಿದರು. ಮತ್ತೆ ಮೊದಲನೆಯದನ್ನು ನೋಡಿದರು. ಬಹಳ ಹೊತ್ತಿನ ಮೇಲೆ ಹೇಳಿದರು, “ನಾವು ಒಂದು ಮಾತು ಕೇಳಲೇ ಇಲ್ಲವಲ್ಲ ಆಪಾ.”

ಫೂಫಿ ಅವರ ಕೈ ಹಿಡಿದುಕೊಂಡರು. ಆಮೇಲೆ ಇಬ್ಬರೂ ಚಾಚಾನ ಬಗ್ಗೆ ಮಾತನಾಡುತ್ತಾ ಸಂಜೆಯವರೆಗೆ ಕುಳಿತರು. ಹನ್ನೊಂದು ವರ್ಷಗಳಲ್ಲಿ ಅವರು ಅಷ್ಟು ಮಾತನಾಡಿದ್ದನ್ನು ನಾನು ಕಂಡಿರಲಿಲ್ಲ.

ಸಹೋದರಿಯರೇ, ಉತ್ತರ ಕೊಡುವವರ ಕರ್ತವ್ಯದ ಬಗ್ಗೆ ಇಷ್ಟೆಲ್ಲ ಬರೆದೆ. ಆದರೆ ಚಾಚಿಯ ಆ ಒಂದು ಮಾತು ಓದುವವರ ಕರ್ತವ್ಯವನ್ನು ಹೇಳಿತು. ಉತ್ತರಿಸುವವರು ಯಾವ ಮಾತಿಗೆ ಉತ್ತರವೆಂದು ತೋರಿಸಬೇಕು. ಅದು ಕಾಣದಿದ್ದಾಗ ಓದುವವರು “ಇದು ಯಾವ ಮಾತಿಗೆ?” ಎಂದು ಕೇಳಬೇಕು. ಕೇಳದೆ ಊಹಿಸಿದರೆ, ನಮ್ಮ ಮನಸ್ಸಿನಲ್ಲಿ ಮೊದಲೇ ಇರುವ ಕಹಿಯೇ ಅರ್ಥ ಹೇಳಲು ಮುಂದೆ ಬರುತ್ತದೆ.

ಫೂಫಿ ಈಗ ಬೆರಳಿನಿಂದ ಬಲಕ್ಕೆ ಸರಿಸುವುದನ್ನು ಚೆನ್ನಾಗಿ ಕಲಿತಿದ್ದಾರೆ. ಎಷ್ಟರ ಮಟ್ಟಿಗೆಂದರೆ, ಬೆಳಗಿನ ಸಲಾಮಿಗೂ ಒಬ್ಬೊಬ್ಬರದನ್ನೇ ಹಿಡಿದು ಬೇರೆ ಬೇರೆಯಾಗಿ ಉತ್ತರಿಸುತ್ತಾರೆ. ಗ್ರೂಪಿನ ಹುಡುಗರು ನಗುತ್ತಾರೆ. ನಗಲಿ ಬಿಡಿ. ಮೊನ್ನೆ ದಮ್ಮಾಮಿನ ಆ ಮಗು ಮೊದಲ ಹೆಜ್ಜೆ ಇಟ್ಟ ವೀಡಿಯೋ ಬಂದಾಗ ಅದನ್ನು ಹಿಡಿದು ಎಲ್ಲರಿಗಿಂತ ಮೊದಲು “ಮಗು ನಡೆಯಿತು, ಮಾಶಾ ಅಲ್ಲಾಹ್” ಎಂದು ಬರೆದವರು ಭದ್ರಾವತಿಯ ಚಾಚಿ. ಅದರ ಕೆಳಗೆ, ಚಾಚಿಯ ಮಾತನ್ನು ಹಿಡಿದು, ಫೂಫಿ ಬರೆದರು: “ಆಮೀನ್. ನಿನ್ನ ಮಾತಿಗೇ ಹೇಳುತ್ತಿದ್ದೇನೆ.”